₹800ರ ಡ್ರೈವರ್‌ನಲ್ಲೇ ನಿಮಿಷಕ್ಕೆ 3000 ಮಿ.ಮೀ.: ನನ್ನ ಅನುಭವ

ಟಿಬಿ6600 ಡಬ್ಬಿ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರನ್ನು ಓಡಿಸುವ ಅಗ್ಗದ ಡ್ರೈವರ್) ಆಟದ ಸಾಮಾನು, ನೆಮಾ 23 ಮೋಟಾರಿಗೆ ಡಿಎಂ542 ಎಂಬ ದುಬಾರಿ ಡ್ರೈವರ್ ಹಾಕು, ಇಲ್ಲದಿದ್ದರೆ, ಜಾಗ ತಪ್ಪಿದರೆ ತಾನೇ ಸರಿಪಡಿಸಿಕೊಳ್ಳುವ ಕ್ಲೋಸ್ಡ್ ಲೂಪ್‌ಗೆ ಹೋಗು. ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮಷೀನು) ಕಟ್ಟುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಹೇಳುವ ಮಾತಿದು. 600×900 ಅಳತೆಯ ನನ್ನ ಮಷೀನು ಈಗ ಅದೇ ಡಬ್ಬಿಗಳ ಮೇಲೆ ನಿಮಿಷಕ್ಕೆ 3000 ಮಿ.ಮೀ. ಓಡುತ್ತಿದೆ. ತೇಗದ ಬಾಗಿಲಿನ ಕೆತ್ತನೆ ಮುಗಿಸಿ ಸೊನ್ನೆಗೆ, ಅಂದರೆ ಹೊರಟ ಜಾಗಕ್ಕೆ, ವಾಪಸ್ ಬಂದಾಗ ಕೂದಲೆಳೆಯ ವ್ಯತ್ಯಾಸವನ್ನೂ ತೋರಿಸುವ ಡಯಲ್ ಗೇಜಿನ ಮುಳ್ಳು ಇದ್ದಲ್ಲೇ ಇರುತ್ತದೆ. ಆಟದ ಸಾಮಾನು ಎಂದವರಲ್ಲಿ ಇಬ್ಬರು ವೈರಿಂಗ್ ಫೋಟೋ ತೆಗೆದುಕೊಂಡು ಹೋಗಿದ್ದಾರೆ.

ಸಾಮಾನು ಹೀಗಿದೆ: 19 ಕೆಜಿ-ಸೆಂ.ಮೀ. ಟಾರ್ಕ್, 2.8 ಆಂಪಿಯರ್, ಸುಮಾರು 3 ಮಿಲಿ ಹೆನ್ರಿಯ ಮೂರು ಮೋಟಾರು, ಒಂದು ಸುತ್ತಿಗೆ 5 ಮಿ.ಮೀ. ಸರಿಸುವ 1605 ಬಾಲ್ ಸ್ಕ್ರೂ, ಆರ್ಡುಯಿನೋ ಊನೋ ಬೋರ್ಡ್ ಮೇಲೆ ಮಷೀನನ್ನು ಓಡಿಸುವ ತಂತ್ರಾಂಶ ಜಿಆರ್‌ಬಿಎಲ್. ಮೈಕ್ರೋಸ್ಟೆಪ್ 8, ಎಂದರೆ ಮೋಟಾರಿನ ಒಂದು ಹೆಜ್ಜೆಯನ್ನು ಎಂಟು ತುಂಡು ಮಾಡುವುದು. ಆಗ ಮೋಟಾರಿನ ಒಂದು ಸುತ್ತಿಗೆ 1600 ಪಲ್ಸ್, ಮಿ.ಮೀ.ಗೆ 320. 3000ದ ವೇಗದಲ್ಲಿ ಸೆಕೆಂಡಿಗೆ 16,000 ಪಲ್ಸ್ ಬೇಕು. ಊನೋ 30,000ದ ಹತ್ತಿರ ಸುಸ್ತಾಗುತ್ತದೆ. 32ಕ್ಕೆ ಇಟ್ಟರೆ 64,000 ಪಲ್ಸ್, ಆಗದ ಮಾತು. ಜೊತೆಗೆ 32ರಲ್ಲಿ ಒಂದು ಮೈಕ್ರೋಸ್ಟೆಪ್ಪಿಗೆ ಸಿಗುವ ಟಾರ್ಕ್ ಪೂರ್ತಿಯ ಶೇ. 5ರಷ್ಟು ಮಾತ್ರ; ನಟ್ಟಿನ ಬಿಗಿತವೇ ಅದನ್ನು ನುಂಗುತ್ತದೆ.

ಡಬ್ಬಿ ಕೊಳ್ಳುವಾಗ ಸ್ವಿಚ್ ಪಟ್ಟಿ ನೋಡಿ. 32ರ ಆಯ್ಕೆ ಇದ್ದರೆ ಒಳಗೆ ಟಿಬಿ6600ಎಚ್‌ಜಿ ಚಿಪ್ ಇರುವುದಿಲ್ಲ, ಅದು 16ಕ್ಕೇ ನಿಲ್ಲುತ್ತದೆ. ಸಾಮಾನ್ಯವಾಗಿ ಇರುವುದು ತೊಷಿಬಾದ್ದೇ ಟಿಬಿ67ಎಸ್109, 47 ವೋಲ್ಟ್‌ವರೆಗೆ ಕೆಲಸ ಮಾಡುವ ಚಿಪ್. ಹೊರಗೆ 42 ವೋಲ್ಟ್, 4 ಆಂಪಿಯರ್ ಎಂದು ಬರೆದಿರುತ್ತಾರೆ. 42ನ್ನು ನಂಬಬಹುದು. 4 ಆಂಪಿಯರ್ ಎಂದರೆ ಚಿಪ್ಪಿನ ಕೊನೆ ಮಿತಿ, ಆ ಡಬ್ಬಿ ಹೊತ್ತು ನಿಲ್ಲುವ ಕರೆಂಟಲ್ಲ. ನಾನು ಇಟ್ಟಿರುವುದು 2.5. ಚಿಪ್ಪಿನ ಬಿಸಿ ಬೋರ್ಡ್ ದಾಟಿ ಹಿಂದಿನ ಅಲ್ಯೂಮಿನಿಯಂಗೆ ಹೋಗಬೇಕು. ಬಿಚ್ಚಿ ನೋಡಿದರೆ ಪೇಸ್ಟ್ ಅರ್ಧ ಜಾಗಕ್ಕೂ ಹತ್ತಿರುವುದಿಲ್ಲ. ಒರೆಸಿ ತೆಳ್ಳಗೆ ಹೊಸದಾಗಿ ಹಚ್ಚಿ, ಮೂರಕ್ಕೂ ಸೇರಿ 80 ಮಿ.ಮೀ. ಫ್ಯಾನ್ ಎರಡು ಕೂರಿಸಿ.

ಇದಕ್ಕೆ ಮೊದಲು ಕೆಂಪು ಬಣ್ಣದ ಮೂರು ಆಕ್ಸಿಸ್ ಟಿಬಿ6560 ಬೋರ್ಡಿಗೆ ಎರಡೂವರೆ ಸಾವಿರ ಹೋಗಿತ್ತು. ಆ ಚಿಪ್ಪಿಗೆ 5 ವೋಲ್ಟ್ ಲಾಜಿಕ್ ಸಪ್ಲೈ ಮೊದಲು ಬರಬೇಕು, ಮೋಟಾರ್ ಸಪ್ಲೈ ಆಮೇಲೆ. ಕ್ರಮ ತಪ್ಪಿದರೆ ಹೊಗೆ. ಆ ಕ್ರಮ ಬೋರ್ಡಿನ ಡಿಸೈನಿನಲ್ಲೇ ಇರಲಿಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಅದು ಬಾಳುವುದು ಕಷ್ಟ. ಎಲ್297-ಎಲ್298 ಚಿಪ್ ಜೋಡಿಯನ್ನೂ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ ನೋಡಿದೆ. 2 ಆಂಪಿಯರಿಗೆ ಎಲ್298 ತಾನೇ ನಾಲ್ಕರಿಂದ ಐದು ವೋಲ್ಟ್ ತಿಂದು ಕಾಯುತ್ತದೆ, ಹಾಫ್ ಸ್ಟೆಪ್ಪಿಗಿಂತ ಮುಂದೆ ಹೋಗುವುದಿಲ್ಲ. ಕಲಿಯಲು ಚೆಂದ, ಮರ ಕೊಯ್ಯಲು ಬೇಡ.

ನಿಜವಾದ ತೊಂದರೆ ಇದ್ದದ್ದು ಮೊದಲು ಹಾಕಿದ್ದ 24 ವೋಲ್ಟ್ ರೆಡಿಮೇಡ್ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನಲ್ಲಿ. 24 ವೋಲ್ಟಿಗೆ 3 ಮಿಲಿ ಹೆನ್ರಿ ಕಾಯಿಲಿನಲ್ಲಿ ಕರೆಂಟು ಏರುವುದು ಮಿಲಿಸೆಕೆಂಡಿಗೆ 8 ಆಂಪಿಯರ್. 2.8 ಮುಟ್ಟಲು 0.35 ಮಿಲಿಸೆಕೆಂಡ್. 600 ಆರ್‌ಪಿಎಂನಲ್ಲಿ ಒಂದು ಫುಲ್ ಸ್ಟೆಪ್ಪಿಗಿರುವ ಸಮಯ 0.5. ತಿರುಗುವ ಮೋಟಾರು ತಾನೇ ಹುಟ್ಟಿಸುವ ಎದುರು ವೋಲ್ಟೇಜ್ (ಬ್ಯಾಕ್ ಇಎಂಎಫ್) ಕಳೆದರೆ ಏನೂ ಉಳಿಯುವುದಿಲ್ಲ. ಅದಕ್ಕೇ ನಿಮಿಷಕ್ಕೆ 1500 ಮಿ.ಮೀ. ದಾಟಿದ ಕೂಡಲೇ ಮೋಟಾರು ಕಿರುಚಿ ನಿಲ್ಲುತ್ತಿತ್ತು. ಬಿರುಸಾಗಿ ಬ್ರೇಕ್ ಹಾಕಿದಾಗ ಮೋಟಾರು ಹಿಂದಕ್ಕೆ ತಳ್ಳುವ ವೋಲ್ಟೇಜಿಗೆ ಎಸ್‌ಎಂಪಿಎಸ್ ಟ್ರಿಪ್ ಆಗುವುದು ಬೇರೆ. ಕೆಲವರು ಇದನ್ನೂ ಡ್ರೈವರ್ ದೋಷವೆಂದು ಬರೆದುಕೊಳ್ಳುತ್ತಾರೆ.

24 ವೋಲ್ಟ್ ಎಸಿ, 300 ವಿಎ ಟೊರಾಯ್ಡ್ (ಉಂಗುರದ ಆಕಾರದ ಟ್ರಾನ್ಸ್‌ಫಾರ್ಮರ್) ಸುತ್ತಿಸಿದೆ. 35 ಆಂಪಿಯರ್ ಬ್ರಿಜ್, 10,000 ಮೈಕ್ರೋಫ್ಯಾರಡ್ 63 ವೋಲ್ಟ್ ಕೆಪಾಸಿಟರ್, ಅದರ ಅಡ್ಡಕ್ಕೆ 2.2ಕೆ 5 ವ್ಯಾಟ್ ಬ್ಲೀಡರ್ (ಆಫ್ ಮಾಡಿದ ಮೇಲೆ ಕೆಪಾಸಿಟರ್ ಖಾಲಿ ಮಾಡುವ ರೆಸಿಸ್ಟರ್), ಪ್ರೈಮರಿಯಲ್ಲಿ ಆರಂಭದ ಕರೆಂಟಿನ ನೂಕು ತಡೆಯುವ ಎನ್‌ಟಿಸಿ. ಎನ್‌ಟಿಸಿ ಇಲ್ಲದಿದ್ದರೆ ಟೊರಾಯ್ಡ್ ಆನ್ ಮಾಡಿದಾಗ ಎಂಸಿಬಿ ಬೀಳಬಹುದು. ಪ್ರತಿ ಡ್ರೈವರಿಗೂ ಬೇರೆ ಫ್ಯೂಸ್. ಲೋಡಿನಲ್ಲಿ 33 ವೋಲ್ಟ್ ಆಸುಪಾಸು ಸಿಗುತ್ತದೆ. 27 ವೋಲ್ಟ್ ಸುತ್ತಿಸಿದರೆ ಇನ್ನೂ ವೇಗ ಅಲ್ಲವೇ ಎಂದು ಟ್ರಾನ್ಸ್‌ಫಾರ್ಮರ್ ಅಂಗಡಿಯವರೇ ಕೇಳಿದರು. ರಾತ್ರಿ ಲೈನು 250ಕ್ಕೆ ಏರಿದಾಗ, ಲೋಡ್ ಇಲ್ಲದೆ, 24ರ ಸುತ್ತೇ 38 ವೋಲ್ಟ್ ಡಿಸಿ ಕೊಡುತ್ತದೆ. 27 ಆದರೆ 42 ದಾಟುವುದು ಖಂಡಿತ.

ವೇಗ ಬಂತು, ಆದರೂ ಸೊನ್ನೆ ಸರಿಯುತ್ತಿತ್ತು. ಇಲ್ಲಿ ಡಯಲ್ ಗೇಜ್ ಓದಲು ಬರಬೇಕು. ಎಕ್ಸ್ ಆಕ್ಸಿಸ್ ಅನ್ನು 200 ಮಿ.ಮೀ. ಹೋಗಿ ಬರುವಂತೆ ನೂರು ಸಲ ಓಡಿಸಿ. ತಪ್ಪು 0.1, 0.2, 0.3 ಹೀಗೆ ನೆಗೆದಿದ್ದರೆ ಟಾರ್ಕ್ ಸಾಲುತ್ತಿಲ್ಲ. ಸ್ಟೆಪ್ಪರ್ ಜಾರಿದರೆ ನಾಲ್ಕು ನಾಲ್ಕು ಫುಲ್ ಸ್ಟೆಪ್ ಜಾರುತ್ತದೆ, 5 ಮಿ.ಮೀ. ಪಿಚ್‌ಗೆ ಅದು 0.1. ಹೋಗಿ ಬಂದ ಪ್ರತಿ ಸಲವೂ ಒಂದೇ ಕಡೆಗೆ ಕೂದಲೆಳೆಯಷ್ಟು ಸರಿದು ನೂರು ಸಲಕ್ಕೆ 0.6ರಷ್ಟಾಗಿದ್ದರೆ ಕಾರಣ ಬೇರೆ. ನನ್ನದು ಎರಡನೆಯದು.

ನಾನು ಬಿಚ್ಚಿದ ಡಬ್ಬಿಗಳಲ್ಲಿ ಪಲ್ಸ್ ದಾರಿಗೆ 6ಎನ್137 ಎಂಬ ಚುರುಕು ಆಪ್ಟೋ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ), ದಿಕ್ಕಿನ ದಾರಿಗೆ ಮಾತ್ರ 817 ಎಂಬ ನಿಧಾನದ್ದು. ಈ 817 ಆನ್ ಆಗುವುದು ಬೇಗ, ಆಫ್ ಆಗಲು ಹತ್ತಾರು ಮೈಕ್ರೋ ಸೆಕೆಂಡ್. ಜಿಆರ್‌ಬಿಎಲ್ ದಿಕ್ಕು ಬದಲಿಸಿದ ಬೆನ್ನಲ್ಲೇ ಪಲ್ಸ್ ಕೊಡುತ್ತದೆ. ಒಂದು ಕಡೆ ತಿರುಗುವಾಗ ಸರಿ, ಇನ್ನೊಂದು ಕಡೆ ತಿರುಗುವಾಗ ಮೊದಲ ಪಲ್ಸ್ ಹಳೇ ದಿಕ್ಕಿಗೇ ಹೋಗುತ್ತದೆ. ಹೋಗಿ ಬಂದ ಪ್ರತಿ ಸಲಕ್ಕೆ ಎರಡು ಮೈಕ್ರೋಸ್ಟೆಪ್ ಖೋತಾ, 0.006 ಮಿ.ಮೀ. ಕೆತ್ತನೆಯಲ್ಲಿ ಸಾವಿರಾರು ಸಲ ದಿಕ್ಕು ಬದಲಾಗುವುದರಿಂದ ಕೊನೆಯ ಹೂವು ಜಾಗಕ್ಕೆ ಬೀಳುವುದಿಲ್ಲ.

ಮದ್ದು ಎರಡು. ಜಿಆರ್‌ಬಿಎಲ್ 1.1ರ ಕಾನ್ಫಿಗ್ ಫೈಲಿನಲ್ಲಿ ಸ್ಟೆಪ್ ಪಲ್ಸ್ ಡಿಲೇ ಎಂಬ ಸಾಲಿದೆ, ಕಾಮೆಂಟಾಗಿ ಕೂತಿರುತ್ತದೆ. ಅದನ್ನು ತೆರೆದು 20 ಕೊಟ್ಟು ಕಂಪೈಲ್ ಮಾಡಿ. ಕಂಪೈಲ್ ಗೋಜು ಬೇಡದವರು, ಪಲ್ಸ್ ಮೈನಸ್ ಗ್ರೌಂಡಿಗೆ ಕಟ್ಟಿರುವ ವೈರಿಂಗ್ ಆದರೆ, ಜಿಆರ್‌ಬಿಎಲ್ ಸೆಟ್ಟಿಂಗಿನಲ್ಲಿ $2=7 ಮಾಡಿ $0 ಅನ್ನು 20ಕ್ಕೆ ಏರಿಸಿ. ಡ್ರೈವರ್ ಈಗ ಪಲ್ಸಿನ ಹಿಂದಿನ ಅಂಚಿಗೆ ಹೆಜ್ಜೆ ಇಡುತ್ತದೆ, ದಿಕ್ಕಿಗೆ 20 ಮೈಕ್ರೋ ಸೆಕೆಂಡ್ ಪುಕ್ಕಟೆ ಸಿಗುತ್ತದೆ. ಪಲ್ಸ್ ದಾರಿಗೂ 817 ಹಾಕಿದ ಡಬ್ಬಿಯಲ್ಲಿ ಇದು ನಡೆಯದು. ಮೂರನೆಯದೂ ಒಂದಿದೆ, 817ರ ಪುಲ್-ಅಪ್ ರೆಸಿಸ್ಟರ್ ಬದಲಿಸುವುದು. ಎಷ್ಟು ಓಮ್ ಹಾಕಬೇಕೆಂದು ಇಲ್ಲಿ ಬರೆಯುವುದಿಲ್ಲ. ಸ್ಕೋಪ್ ಇದ್ದವರಿಗೆ ಅರ್ಧ ಗಂಟೆಯ ಕೆಲಸ.

ದುಡ್ಡಿನ ಲೆಕ್ಕ, ನೆನಪಿನಿಂದ: ಡಬ್ಬಿ ಮೂರಕ್ಕೆ 2400, ಟೊರಾಯ್ಡ್ 2200, ಬ್ರಿಜ್-ಕೆಪಾಸಿಟರ್-ಫ್ಯೂಸ್ 700, ಫ್ಯಾನಿಗೆ ಇನ್ನೂರು ಮುನ್ನೂರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಕೆಪಾಸಿಟರ್ ಇನ್ನೂ ಅಗ್ಗ, ಆದರೆ ಹಳೆಯದಕ್ಕೆ ಹೊಸ ತೊಗಲು ಸುತ್ತಿ ಮಾರುವವರಿದ್ದಾರೆ, ಮೀಟರ್ ಹಿಡಿದೇ ಕೊಳ್ಳಿ. ಮೂರು ಡಿಎಂ542 ಮತ್ತು 36 ವೋಲ್ಟ್ ಎಸ್‌ಎಂಪಿಎಸ್ ಆಗ ಎಂಟು ಸಾವಿರ ದಾಟುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಉಳಿತಾಯ. ದುಡ್ಡಿದ್ದರೆ ಡಿಎಂ542 ಒಳ್ಳೆಯದೇ, ನಡು ವೇಗದ ನಡುಕವನ್ನು ಅದು ತಾನೇ ಹಿಡಿಯುತ್ತದೆ. ನನ್ನ ಮಷೀನಿನಲ್ಲಿ ಆ ನಡುಕ ನಿಮಿಷಕ್ಕೆ 700ರಿಂದ 900 ಮಿ.ಮೀ. ನಡುವೆ ಬರುತ್ತಿತ್ತು. ಎರಡೂ ಕಡೆ ಶಾಫ್ಟ್ ಇರುವ ಮೋಟಾರಿನ ಹಿಂಬದಿಗೆ ಓ-ರಿಂಗ್ ಮೇಲೆ ಸಡಿಲವಾಗಿ ಕೂರುವ ಉಕ್ಕಿನ ಬಳೆ ಹಾಕಿದೆ. ಮುಕ್ಕಾಲು ಭಾಗ ಅಡಗಿತು. ಬಳೆಯ ತೂಕ ಮೋಟಾರಿಗೆ ತಕ್ಕಂತೆ ತಾಳೆ ನೋಡಬೇಕು, ಭಾರ ಜಾಸ್ತಿಯಾದರೆ ಆಕ್ಸಿಲರೇಷನ್ ಇಳಿಸಬೇಕಾಗುತ್ತದೆ. ನನ್ನ ಆಕ್ಸಿಲರೇಷನ್ 250ರಲ್ಲಿದೆ.

ಪಿಸಿಬಿ ಕೊರೆಯುವ ಪುಟ್ಟ ಮಷೀನಿಗೆ ಡಿಆರ್‌ವಿ8825 ಹಾಕಿ ನೋಡಿದ್ದೂ ಇದೆ. ಕಡಿಮೆ ಕರೆಂಟು, 24 ವೋಲ್ಟ್ ಇದ್ದಾಗ ಸೊನ್ನೆಯ ಹತ್ತಿರದ ಮೈಕ್ರೋಸ್ಟೆಪ್‌ಗಳನ್ನು ಅದು ನುಂಗುತ್ತದೆ, ಗೆರೆಯಲ್ಲಿ ಅಲೆ ಕಾಣುತ್ತದೆ. ಅದೇ ಜಾಗಕ್ಕೆ ಟಿಎಂಸಿ2209 ಕೂರಿಸಿದ ಮೇಲೆ ಅಲೆ ಹೋಯಿತು. ಅದರ ಮಿತಿ 29 ವೋಲ್ಟ್, ಆದ್ದರಿಂದ ಈ ಟೊರಾಯ್ಡ್ ಹತ್ತಿರಕ್ಕೂ ತರಬೇಡಿ. ಯಾವ ಡ್ರೈವರೇ ಇರಲಿ, ಪವರ್ ಇದ್ದಾಗ ಮೋಟಾರ್ ವೈರ್ ಕಿತ್ತರೆ ಔಟ್‌ಪುಟ್ ಹೋಯಿತೆಂದೇ ಲೆಕ್ಕ. ಡ್ರಾಗ್ ಚೈನಿನಲ್ಲಿ ಸ್ಕ್ರೂ ಟರ್ಮಿನಲ್ ಬೇಡ, ತಿರುಗಿಸಿ ಲಾಕ್ ಮಾಡುವ ನಾಲ್ಕು ಪಿನ್ ಕನೆಕ್ಟರ್ ಹಾಕಿ.