ಗಾಜಿಗೆ ಅಂಟಿದ ಮೊಟ್ಟೆಗಳು ಯಾರವು?

ಜೂನ್ ತಿಂಗಳ ಒಂದು ಬೆಳಿಗ್ಗೆ ಮೀನುಗಳಿಗೆ ಆಹಾರ ಹಾಕಲೆಂದು ಅಕ್ವೇರಿಯಂನ ದೀಪ ಹಚ್ಚಿದಾಗ, ಮುಂಭಾಗದ ಗಾಜಿನ ಒಳಮೈಗೆ ನಸುಬಿಳಿಯ ಕಾಳುಗಳಂಥವು ಅಂಟಿಕೊಂಡಿದ್ದವು. ಹಿಂದೆಯೇ ಬಂದ ಅಮ್ಮ, "ಟ್ಯಾಂಕಿಗೆ ಸಬ್ಬಕ್ಕಿ ಹಾಕಿದೀಯೇನೋ?" ಎಂದು ಕೇಳಿದರು. ಬಣ್ಣ ನೆನೆಸಿದ ಸಬ್ಬಕ್ಕಿಯದೇ ಆದರೂ ಗಾತ್ರ ಮಾತ್ರ ಸಾಸಿವೆಯಷ್ಟು. ಎಣಿಸಿದರೆ ನಲವತ್ತರ ಆಸುಪಾಸು ಇದ್ದವು.

ನಮ್ಮದು ಮೂರಡಿಯ ಟ್ಯಾಂಕ್. ಆಗ ಅದರಲ್ಲಿ ಎರಡು ಏಂಜೆಲ್ ಮೀನು, ನಾಲ್ಕು ಮೋಲಿ, ಏಳೆಂಟು ಬ್ಲ್ಯಾಕ್ ಟೆಟ್ರಾ, ತಳದಲ್ಲಿ ಮರಳು ಕೆದಕುತ್ತ ತಿರುಗುವ ಐದು ಕಂಚುಬಣ್ಣದ ಕೋರಿಡೋರಾಸ್ (ಚಿಕ್ಕದಾಗಿ ಕೋರಿ), ಇವುಗಳ ಜೊತೆಗೆ ಗಿಡಗಳೊಂದಿಗೆ ಕರೆಯದೇ ಬಂದು ಸೇರಿಕೊಂಡಿದ್ದ ಬಸವನಹುಳುಗಳು ಇದ್ದವು. ಮೊಟ್ಟೆ ಯಾರದ್ದೆಂದು ಮೊಟ್ಟೆಯನ್ನೇ ನೋಡಿ ಹೇಳಲು ನನಗೆ ಬರುತ್ತಿರಲಿಲ್ಲವಾದ್ದರಿಂದ, ಯಾರದ್ದಲ್ಲ ಎಂಬುದರಿಂದ ಹೊರಟೆ. ಮೋಲಿಗಳು ಮರಿ ಹಾಕುವ ಜಾತಿಯವು, ಅವನ್ನು ಮೊದಲೇ ಬಿಟ್ಟೆ. ಟೆಟ್ರಾಗಳು ಗಿಡಗಳ ನಡುವೆ ಮೊಟ್ಟೆಗಳನ್ನು ಚೆಲ್ಲಿ ಹೋಗುತ್ತವೆ. ಆ ಮೊಟ್ಟೆಗಳು ಇನ್ನೂ ಚಿಕ್ಕವು, ಅಲ್ಲದೆ ಹಲವು ಬಗೆಯ ಮೀನುಗಳಿರುವ ತೊಟ್ಟಿಯಲ್ಲಿ ನಮ್ಮ ಕಣ್ಣಿಗೆ ಬೀಳುವ ಮೊದಲೇ ಯಾರದೋ ಹೊಟ್ಟೆ ಸೇರಿರುತ್ತವೆ.

ಬಸವನಹುಳುವಿನ ಮೇಲೆ ನನಗೆ ಗುಮಾನಿ ಬಲವಾಗಿತ್ತು. ವರ್ಷದ ಹಿಂದೆ ಇಂಥದ್ದೇ ಏನೋ ಕಂಡಾಗ ಹುಳುವಿನದೆಂದು ಬ್ಲೇಡಿನಿಂದ ಕೆರೆದು ಎಸೆದಿದ್ದೆ. ಅಂದು ಎಸೆದದ್ದು ಏನೆಂಬುದು ಈಗ ಗೊತ್ತಾಗುತ್ತಿದೆ. ಈ ಬಾರಿ ಬ್ಲೇಡ್ ಹಿಡಿಯುವ ಮೊದಲು ಒಂದು ಮೊಟ್ಟೆಯನ್ನು ಬೆರಳ ತುದಿಯಿಂದ ಒತ್ತಿ ನೋಡಿದೆ. ಬಸವನಹುಳುವಿನ ಮೊಟ್ಟೆಗಳು ಪಾರದರ್ಶಕವಾದ ಲೋಳೆಯ ಒಂದೇ ಮುದ್ದೆಯೊಳಗೆ ಚುಕ್ಕಿಗಳಂತೆ ಹುದುಗಿರುತ್ತವೆ, ಮುಟ್ಟಿದರೆ ಇಡೀ ಮುದ್ದೆ ಅಲುಗುತ್ತದೆ. ಇಲ್ಲಿ ಲೋಳೆಯೇ ಇರಲಿಲ್ಲ. ಪ್ರತಿಯೊಂದು ಮೊಟ್ಟೆಯೂ ಗಟ್ಟಿಯಾಗಿ, ಬಿಡಿಬಿಡಿಯಾಗಿ ಗಾಜಿಗೆ ಕಚ್ಚಿಕೊಂಡಿತ್ತು.

ಉಳಿದದ್ದು ಏಂಜೆಲ್ ಮತ್ತು ಕೋರಿ. ಏಂಜೆಲ್ ಮೀನು ಅಗಲವಾದ ಎಲೆಯ ಮೇಲೋ ಫಿಲ್ಟರ್ ಕೊಳವೆಯ ಮೇಲೋ, ರಂಗೋಲಿಯ ಚುಕ್ಕಿ ಇಟ್ಟ ಹಾಗೆ, ಒತ್ತೊತ್ತಾದ ಸಾಲುಗಳಲ್ಲಿ ಮೊಟ್ಟೆ ಇಡುತ್ತದೆ. ಇಟ್ಟ ಮೇಲೆ ಮುಂದೆ ನಿಂತು ರೆಕ್ಕೆಯಿಂದ ಗಾಳಿ ಬೀಸುತ್ತ ಕಾಯುತ್ತದೆ. ನಮ್ಮ ಗಾಜಿನ ಮೇಲೆ ಇದ್ದವು ಇಲ್ಲಿ ಮೂರು, ಅಲ್ಲಿ ನಾಲ್ಕು ಎಂಬಂತೆ ಚದುರಿದ ಗುಂಪುಗಳು, ಅದರಲ್ಲೂ ಫಿಲ್ಟರಿನ ನೀರು ರಭಸವಾಗಿ ಬೀಳುವ ಮೂಲೆಯಲ್ಲಿ ಹೆಚ್ಚು. ಕಾವಲಿಗೂ ಯಾರೂ ಇರಲಿಲ್ಲ. ಏಂಜೆಲ್‌ಗಳಂತೂ ಅಂಚಿನಿಂದ ಒಂದೊಂದನ್ನೇ ಹೆಕ್ಕಿ ತಿನ್ನತೊಡಗಿದ್ದವು. ತಾವಿಟ್ಟ ಮೊಟ್ಟೆಗಳನ್ನು ತಾವೇ ತಿನ್ನುವ ಅಭ್ಯಾಸ ಆ ಜಾತಿಗೆ ಇರುವುದರಿಂದ ಇದನ್ನೊಂದು ಸಾಕ್ಷ್ಯವೆಂದು ನಾನು ಪರಿಗಣಿಸಲಿಲ್ಲ.

ಸಂದೇಹ ತೀರಿದ್ದು ಆ ದಿನವೇ, ಸ್ವಲ್ಪ ಹೊತ್ತಿನ ನಂತರ. ಕೋರಿಗಳು ಇನ್ನೂ ಮುಗಿಸಿರಲಿಲ್ಲ. ದಪ್ಪ ಹೊಟ್ಟೆಯ ಹೆಣ್ಣೊಂದು ಗಂಡಿನ ಪಕ್ಕೆಗೆ ಅಡ್ಡಲಾಗಿ ಬಾಯಿ ತಾಗಿಸಿ ಕೆಲವು ಕ್ಷಣ ಅಲುಗಾಡದೆ ನಿಂತಿತು. ಬೇರೆಯಾದಾಗ ಅದರ ಹೊಟ್ಟೆಯಡಿಯ ರೆಕ್ಕೆಗಳೆರಡೂ ಬೊಗಸೆಯಂತೆ ಕೂಡಿಕೊಂಡಿದ್ದು, ಅದರೊಳಗೆ ಮೂರು ಮೊಟ್ಟೆಗಳಿದ್ದವು. ಅದು ಗಾಜಿನುದ್ದಕ್ಕೂ ಮೇಲೇರಿ, ಒಂದು ಜಾಗವನ್ನು ಬಾಯಿಯಿಂದ ಉಜ್ಜಿ, ಹೊಟ್ಟೆ ಒತ್ತಿ ಅಂಟಿಸಿ ಇಳಿಯಿತು. ಹಿಂದಿನ ಸಂಜೆ ನಾನು ಮೂರನೇ ಒಂದು ಭಾಗ ನೀರು ಬದಲಿಸಿದ್ದೆ. ಮಳೆ ಹಿಡಿದಿದ್ದರಿಂದ ನಲ್ಲಿಯ ನೀರು ತಣ್ಣಗಿತ್ತು. ತಣ್ಣೀರು ಬಿದ್ದರೆ ಕೋರಿಗಳಿಗೆ ಮಳೆಗಾಲ ಬಂತೆಂಬ ಸೂಚನೆ.

ಕೆಲವು ಮೊಟ್ಟೆಗಳನ್ನು ಬೆರಳಿನಿಂದ ಮೆಲ್ಲಗೆ ಉರುಳಿಸಿ ಬಿಡಿಸಿ, ಅದೇ ಟ್ಯಾಂಕಿನ ನೀರು ತುಂಬಿದ ಐಸ್‌ಕ್ರೀಂ ಡಬ್ಬಿಗೆ ಹಾಕಿ, ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಬಿಟ್ಟು, ಬೂಸ್ಟು ತಡೆಯುವ ಮೆಥಿಲೀನ್ ಬ್ಲೂ ಔಷಧಿಯನ್ನು ನೀರು ತೆಳುನೀಲಿಯಾಗುವಷ್ಟು ಸೇರಿಸಿದೆ. ಮರುದಿನದಿಂದ ವ್ಯತ್ಯಾಸ ಕಾಣಿಸಿತು: ಫಲಿತವಾದವು ಕಂದುಬಣ್ಣಕ್ಕೆ ತಿರುಗಿದವು, ಫಲಿಸದವು ಸುಣ್ಣದಂತೆ ಬೆಳ್ಳಗಾಗಿ ಹತ್ತಿಯಂಥ ಬೂಸ್ಟು ಹಿಡಿದವು. ಅಂಥವನ್ನು ಡ್ರಾಪರ್‌ನಿಂದ ಹೀರಿ ತೆಗೆಯುತ್ತ ಹೋದೆ. ನಾಲ್ಕನೆಯ ದಿನ ಮರಿಗಳು ಒಡೆದು ಬಂದವು. ಕೊನೆಗೆ ಹನ್ನೊಂದು ಉಳಿದವು.

ಸೆಪ್ಟೆಂಬರಿನಲ್ಲಿ ಮತ್ತೆ ಮೊಟ್ಟೆ ಕಂಡಿತು, ಈ ಬಾರಿ ಫಿಲ್ಟರ್ ಕೊಳವೆಯ ಮೇಲೆ, ಒತ್ತೊತ್ತು ಸಾಲಿನಲ್ಲಿ, ಎರಡು ಏಂಜೆಲ್‌ಗಳೂ ಎದುರಿಗೆ ಕಾವಲು ನಿಂತಿದ್ದವು. ಯೋಚಿಸಬೇಕಾದ್ದೇ ಇರಲಿಲ್ಲ. ಆದರೆ ಮೂರು ದಿನದೊಳಗೆ ಒಂದೂ ಬಿಡದಂತೆ ಎಲ್ಲವೂ ಬೆಳ್ಳಗಾದವು. ಆಮೇಲೆ ಗಮನವಿಟ್ಟು ನೋಡಿದರೆ ಎರಡಕ್ಕೂ ಮೊಟ್ಟೆಯಿಡುವ ನಾಳ ಮೊಂಡಾಗಿ, ಅಗಲವಾಗಿತ್ತು. ಗಂಡಾಗಿದ್ದರೆ ಸಪೂರವಾಗಿ, ಚೂಪಾಗಿ ಇರಬೇಕಿತ್ತು. ಅಂಗಡಿಯವರು ಜೋಡಿ ಎಂದು ಕೊಟ್ಟದ್ದು ಎರಡು ಹೆಣ್ಣು. ಕೊಳವೆಯನ್ನು ತೊಳೆದು ಮತ್ತೆ ಸಿಕ್ಕಿಸಿದೆ. ಕೆಲವೇ ವಾರಗಳಲ್ಲಿ ಅವೆರಡೂ ಮತ್ತೆ ಅದೇ ಕೊಳವೆಯನ್ನು ಬಾಯಿಯಿಂದ ಉಜ್ಜಿ ಒಪ್ಪ ಮಾಡತೊಡಗಿದ್ದವು.