ರೀಫ್ ಟ್ಯಾಂಕಿಗೆ ಕಡಿಮೆ ಖರ್ಚಿನ ಮರಳು ಹುಡುಕಿದ ನನ್ನ ಅನುಭವ

ಜೀವಂತ ಹವಳ, ಮೀನುಗಳನ್ನು ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕ್ ಕಟ್ಟಲು ಹೊರಟಾಗ ದೀಪ, ನೀರನ್ನು ಟ್ಯಾಂಕಿನೊಳಗೇ ಹರಿಸುವ ಪವರ್‌ಹೆಡ್ ಪಂಪು, ನೀರಿನ ಹೊಲಸನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇವೆಲ್ಲದರ ಖರ್ಚನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ತಳಕ್ಕೆ ಹಾಸುವ ಮರಳನ್ನು ಮಾತ್ರ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮರಳು ತಾನೆ, ಎಷ್ಟಾದೀತು ಎಂಬ ಉದಾಸೀನ. ನನ್ನ ಟ್ಯಾಂಕಿನ ತಳ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. ಅದರ ಮೇಲೆ 3 ಸೆಂ.ಮೀ. ದಪ್ಪಕ್ಕೆ ಮರಳು ಹರಡಿದರೆ ಸುಮಾರು 12 ಲೀಟರ್ ಬೇಕು, ಲೀಟರಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋ ಹಿಡಿದರೆ 18 ಕಿಲೋ ಆಗುತ್ತದೆ. ಅದನ್ನೇ 10 ಸೆಂ.ಮೀ. ದಪ್ಪ ಮಾಡಿದರೆ 60 ಕಿಲೋ ದಾಟುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದು ನೋಡಿದಾಗ, ಯಾವ ಮರಳು ಎಂಬುದಕ್ಕಿಂತ ಎಷ್ಟು ದಪ್ಪ ಎಂಬುದೇ ಖರ್ಚನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂದು ತಿಳಿಯಿತು.

ದಪ್ಪ ಹಾಸಿಗೂ ಅದರದೇ ಕಾರಣವಿದೆ. 10ರಿಂದ 15 ಸೆಂ.ಮೀ. ಆಳದ ನುಣ್ಣನೆಯ ಮರಳಿನ ಕೆಳಪದರಗಳಲ್ಲಿ ಆಮ್ಲಜನಕ ಇರುವುದಿಲ್ಲವಾದ್ದರಿಂದ, ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ನೀರಿನಲ್ಲಿ ಸೇರುವ ನೈಟ್ರೇಟನ್ನು ನೈಟ್ರೋಜನ್ ಅನಿಲವಾಗಿ ಮಾರ್ಪಡಿಸುತ್ತವೆ. ಆದರೆ ಅಂಥ ಹಾಸನ್ನು ಆಮೇಲೆ ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬಂದು ಮೀನುಗಳಿಗೆ ಅಪಾಯವಾಗಬಹುದು. ಕಲ್ಲುಗಳನ್ನು ಆಗಾಗ ಕದಲಿಸುವ ನನ್ನ ಕೈಗೆ ಅದು ಹೇಳಿಮಾಡಿಸಿದ್ದಲ್ಲವೆಂದು 3 ಸೆಂ.ಮೀ.ಗೇ ನಿಂತೆ.

ಮೊದಲು ತಂದದ್ದು ಪುಡಿಮಾಡಿದ ಹವಳ. 3ರಿಂದ 5 ಮಿ.ಮೀ. ಚೂರುಗಳು, ಇದ್ದುದರಲ್ಲಿ ಅಗ್ಗ, ತೊಳೆಯುವುದೂ ಸುಲಭ. ಕೆಲವು ತಿಂಗಳು ನೋಡಲು ಚೆಂದವಾಗಿಯೇ ಇತ್ತು. ಆಮೇಲೆ ನೈಟ್ರೇಟ್ ಮೆಲ್ಲಗೆ ಏರತೊಡಗಿತು. ನೀರು ಬದಲಿಸಿದ ಎರಡು ಮೂರು ದಿನಕ್ಕೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಒಂದು ದಿನ ಮೂಲೆಯಲ್ಲಿ ಚೂರುಗಳ ನಡುವೆ ಬೆರಳು ಇಳಿಸಿದೆ. ಬೆರಳಿನ ಸುತ್ತ ಕಂದು ಬಣ್ಣದ ಗಸಿ ಹೊಗೆಯಂತೆ ಎದ್ದು, ಕ್ಷಣದಲ್ಲಿ ಅರ್ಧ ಟ್ಯಾಂಕನ್ನು ಮಸುಕು ಮಾಡಿತು. ದೊಡ್ಡ ಚೂರುಗಳ ನಡುವಿನ ಸಂದುಗಳಿಗೆ ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ ಎಲ್ಲ ಇಳಿದು ಕೂತಿದ್ದವು. ವಾರಕ್ಕೊಮ್ಮೆ ಸೈಫನ್ ಪೈಪಿನಿಂದ ಹೀರಿ ತೆಗೆಯುವ ಶಿಸ್ತು ಇರುವವರಿಗೆ ಅದು ನಡೆದೀತು; ನನಗೆ ನಡೆಯಲಿಲ್ಲ. ಅದನ್ನು ಒಮ್ಮೆಲೇ ತೆಗೆಯದೆ, ಅದರಲ್ಲಿ ನೆಲೆಸಿ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಒಟ್ಟಿಗೇ ಹೋಗಿಬಿಡಬಾರದೆಂದು, ವಾರಕ್ಕೆ ತಳದ ಕಾಲುಭಾಗದಂತೆ ತಿಂಗಳಿಡೀ ತೆಗೆದೆ.

ಪುಡಿಯುಪ್ಪಿನಂಥ ನುಣ್ಣನೆಯ ಮರಳಿನ ಕಥೆ ಇನ್ನೂ ಚಿಕ್ಕದು. ಮೊದಲ ರಾತ್ರಿಯೇ ಪವರ್‌ಹೆಡ್‌ನ ಸೆಳೆತಕ್ಕೆ ಒಂದು ಮೂಲೆಯ ಗಾಜು ಬರಿದಾಗಿ, ಅಲ್ಲಿದ್ದ ಮರಳೆಲ್ಲ ಎದುರು ಮೂಲೆಯಲ್ಲಿ ದಿಬ್ಬವಾಗಿತ್ತು. ಕೆಳಗಿಟ್ಟಿದ್ದ ಎರಡು ಹವಳಗಳು ಅದರಡಿ ಅರ್ಧ ಹೂತುಹೋಗಿದ್ದವು. ಹವಳಗಳಿಗೆ ಬೇಕಾದಷ್ಟು ನೀರಿನ ಹರಿವು ಇರುವ ಟ್ಯಾಂಕಿನಲ್ಲಿ 1ರಿಂದ 2 ಮಿ.ಮೀ., ಅಂದರೆ ಸಾಸಿವೆ ಕಾಳಿನ ಗಾತ್ರದ ಮರಳು ಸರಿ ಎಂಬ ನಿರ್ಧಾರಕ್ಕೆ ಬಂದದ್ದು ಹೀಗೆ.

ಇನ್ನು ಯಾವ ಮರಳು ಎಂಬ ಪ್ರಶ್ನೆ. ಅರಗೊನೈಟ್ ಎಂಬುದು ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪ, ಹವಳದ ಅಸ್ಥಿಯೂ ಅದರದ್ದೇ. ಅದನ್ನು ಹಾಸಿದರೆ ಹವಳ ಬೆಳೆಯಲು ಬೇಕಾದ ಕ್ಯಾಲ್ಸಿಯಂ, ಕ್ಷಾರೀಯತೆ (ಪಿಎಚ್ ಕುಸಿಯದಂತೆ ತಡೆಯುವ ನೀರಿನ ಶಕ್ತಿ) ಎರಡೂ ತಾವಾಗಿ ಸರಿಯಾಗಿರುತ್ತವೆ ಎಂದು ನಂಬಿ ಹೆಚ್ಚು ದುಡ್ಡು ಕೊಡುವವರನ್ನು ನೋಡಿದ್ದೇನೆ. ಆದರೆ ರೀಫ್ ಟ್ಯಾಂಕಿನ ಪಿಎಚ್ 8ಕ್ಕಿಂತ ಮೇಲಿರುವಾಗ ನೀರು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಅತಿಪರ್ಯಾಪ್ತವಾಗಿರುತ್ತದೆ, ಅಂದರೆ ಕರಗಬಲ್ಲದ್ದಕ್ಕಿಂತ ಹೆಚ್ಚೇ ಅದರಲ್ಲಿ ಆಗಲೇ ತುಂಬಿರುತ್ತದೆ. ಹಾಗಾಗಿ ಮರಳು ಕರಗುವುದೇ ಇಲ್ಲವೆನ್ನಬಹುದು, ಹವಳಗಳು ಬಳಸಿಕೊಂಡದ್ದನ್ನು ನಾವೇ ಡೋಸ್ ಮಾಡಿ, ಅಂದರೆ ಅಳೆದು ನೀರಿಗೆ ಹಾಕಿ, ತುಂಬಬೇಕು. ಅತ್ತ ಸಿಲಿಕಾ ಮರಳು ಹಾಕಿದರೆ ಕಂದು ಡಯಾಟಮ್ ಪಾಚಿ ಬಿಡುವುದೇ ಇಲ್ಲ ಎಂಬ ಭಯವೂ ಉತ್ಪ್ರೇಕ್ಷೆಯೇ. ಸಿಲಿಕಾ ಮರಳೆಂದರೆ ಬಹುಪಾಲು ಕ್ವಾರ್ಟ್ಸ್, ಅದು ನೀರಿನಲ್ಲಿ ಕರಗುವುದು ತೀರ ಅಲ್ಪ. ಡಯಾಟಮ್‌ಗೆ ಬೇಕಾದ ಕರಗಿದ ಸಿಲಿಕೇಟ್ ಬಹುಮಟ್ಟಿಗೆ ನಲ್ಲಿ ನೀರಿನಿಂದ ಬರುತ್ತದೆ. ಈಜುಕೊಳದ ಫಿಲ್ಟರಿಗೆ ಬಳಸುವ ತೊಳೆದ ಕ್ವಾರ್ಟ್ಸ್ ಮರಳನ್ನು ನಾನು ಬಿಟ್ಟದ್ದು ಅದರ ಕಾಳು ನನ್ನ ಹರಿವಿಗೆ ಸಣ್ಣದಾಯಿತೆಂದೇ ಹೊರತು ಬೇರೆ ದೋಷ ಕಂಡಲ್ಲ. ಕಟ್ಟಡದ ಮರಳು, ಕಡಲತೀರದಿಂದ ಹೊತ್ತು ತಂದ ಮರಳು ಮಾತ್ರ ಬೇಡವೇ ಬೇಡ. ಅದರಲ್ಲಿ ಏನೇನು ಬೆರೆತಿದೆ ಎಂದು ಮನೆಯಲ್ಲಿ ಕಂಡುಹಿಡಿಯುವ ದಾರಿಯಿಲ್ಲ.

ಕೊನೆಗೆ ಕೊಂಡದ್ದು ಒಣ ಅರಗೊನೈಟ್. ನೀರು ತುಂಬಿದ ಚೀಲದಲ್ಲಿ ಬರುವ ‘ಲೈವ್ ಸ್ಯಾಂಡ್’ಗೆ ಕೊಡುವ ಹೆಚ್ಚುವರಿ ದುಡ್ಡು ಬ್ಯಾಕ್ಟೀರಿಯಾಕ್ಕೆ, ಜೊತೆಗೆ ತೂಕದಲ್ಲಿ ಸೇರಿದ ನೀರಿಗೆ. ಆ ಬ್ಯಾಕ್ಟೀರಿಯಾ ಹಳೆಯ ಟ್ಯಾಂಕಿರುವ ಗೆಳೆಯನಿಂದ ತಂದ ಎರಡು ಲೋಟ ಮರಳಿನಲ್ಲಿ ನನಗೆ ಪುಕ್ಕಟೆಯಾಗಿ ಸಿಕ್ಕಿತು. ಅವನ ಟ್ಯಾಂಕಿನಲ್ಲಿ ರೋಗವಾಗಲಿ ಉಪದ್ರವಿ ಜೀವಿಗಳಾಗಲಿ ಇಲ್ಲವೆಂದು ಕೇಳಿ ತಿಳಿದುಕೊಂಡೇ ತಂದೆ. ಚೀಲ ಬಿಚ್ಚಿದ ಮೇಲೆ ಒಂದು ಚಮಚ ಮರಳಿಗೆ ವಿನೆಗರ್ ಹನಿಸಿದೆ. ಕಾಳುಗಳ ಮೇಲೆ ಸಣ್ಣ ಗುಳ್ಳೆಗಳು ಎದ್ದು ಬುಸುಗುಟ್ಟಿದ್ದರಿಂದ ಅದು ಕಾರ್ಬೊನೇಟ್ ಎಂಬುದಷ್ಟು ಖಚಿತವಾಯಿತು. ಒಂದು ಅಯಸ್ಕಾಂತವನ್ನೂ ಮರಳಿನಲ್ಲಿ ಆಡಿಸಿದೆ. ಕಬ್ಬಿಣದ ಕಣಗಳಿದ್ದರೆ ಪಾಚಿ ಒರೆಸುವ ಮ್ಯಾಗ್ನೆಟ್ಟಿಗೆ ಅಂಟಿ ಗಾಜನ್ನು ಗೀರುತ್ತವೆ. ಇನ್ನೊಂದು ಲೋಟದಷ್ಟು ಮರಳನ್ನು ಆರ್‌ಓ ನೀರಿನಲ್ಲಿ ಎರಡು ದಿನ ನೆನೆಸಿ ಆ ನೀರಿನಲ್ಲಿ ಪಾಚಿ ಬೆಳೆಸುವ ಫಾಸ್ಫೇಟ್ ಎಷ್ಟಿದೆಯೆಂದು ಅಳೆದೆ, ಏಕೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಫಾಸ್ಫೇಟನ್ನು ತನ್ನ ಮೈಗೆ ಹಿಡಿದಿಟ್ಟುಕೊಂಡು ಆಮೇಲೆ ನಿಧಾನವಾಗಿ ಬಿಡುವ ಗುಣದ್ದು.

ತೊಳೆಯುವ ಕೆಲಸಕ್ಕೆ ಒಂದು ಮಧ್ಯಾಹ್ನವೇ ಹಿಡಿಯಿತು. ಬಕೆಟ್ಟಿನಲ್ಲಿ ಕಾಲುಭಾಗ ಮರಳು ಹಾಕಿ, ಪೈಪನ್ನು ತಳದವರೆಗೆ ಇಳಿಸಿ, ಕೈಯಿಂದ ಅಡಿಮೇಲು ಮಾಡುತ್ತ ಹಾಲಿನಂಥ ನೀರು ಉಕ್ಕಿ ಹೋಗಲು ಬಿಟ್ಟೆ. ಎಂಟು ಹತ್ತು ಸಲ ಆದ ಮೇಲಷ್ಟೇ ಬಕೆಟ್ಟಿನ ತಳ ಕಂಡಿತು. ಕೊನೆಯ ಸಲ ಮಾತ್ರ ಆರ್‌ಓ ನೀರು. ಕಲ್ಲುಗಳನ್ನು ಮೊದಲು ಬರಿ ಗಾಜಿನ ಮೇಲೆ ಅಲುಗದಂತೆ ಕೂರಿಸಿ, ಮರಳನ್ನು ಆಮೇಲೆ ಅವುಗಳ ಸುತ್ತ ಸುರಿದೆ. ಮರಳಿನ ಮೇಲೆ ಕಲ್ಲಿಟ್ಟರೆ, ಬಿಲ ತೋಡುವ ಮೀನು ಅಡಿಯನ್ನು ಕೊರೆದು ಗುಡ್ಡವನ್ನೇ ಉರುಳಿಸಬಹುದು. ಟ್ಯಾಂಕಿನಲ್ಲಿ ನೀರಿದ್ದುದರಿಂದ ಅಗಲ ಬಾಯಿಯ ಪೈಪಿನ ಮೂಲಕ ಮರಳನ್ನು ತಳಕ್ಕೆ ಇಳಿಸಿದೆ, ಗೆಳೆಯ ಕೊಟ್ಟ ಮರಳನ್ನು ಕೊನೆಯಲ್ಲಿ ಮೇಲೆ ಉದುರಿಸಿದೆ. ನೀರಿನ ಮಬ್ಬು ಎರಡನೆಯ ದಿನಕ್ಕೆ ತಿಳಿಯಾಯಿತು.

ಡಯಾಟಮ್ ಮೂರನೆಯ ವಾರ ಬಂತು, ತಾನಾಗಿಯೇ ಹೋಯಿತು. ಈಗ ಪವರ್‌ಹೆಡ್ ಎದುರಿನ ಅಂಗೈಯಗಲ ಜಾಗ ಬಿಟ್ಟರೆ ಮರಳು ಕದಲುವುದಿಲ್ಲ. ಸೈಫನ್ನಿನಲ್ಲಿ ಒಂದಿಷ್ಟು ಹೋಗುತ್ತಲೇ ಇರುತ್ತದೆ. ತಂದದ್ದರಲ್ಲಿ ಉಳಿದ ಎರಡು ಕಿಲೋವನ್ನು ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದೇನೆ, ತಳ ತೆಳುವಾದ ಕಡೆ ಒಂದೊಂದೇ ಲೋಟ ತೊಳೆದು ಹಾಕುತ್ತಿದ್ದೇನೆ.