ಗೋಡೆ ಮೇಲಿರೋ ಹಳೇ ಫೋಟೋ ಯಾರದು ಅಂತ ಪತ್ತೆ ಮಾಡೋದು ಹೇಗೆ

ಹಳೇ ಫೋಟೋ ಸಿಕ್ಕ ತಕ್ಷಣ ಎಲ್ರೂ ಮೂಗು ನೋಡಿ "ಥೇಟ್ ನಮ್ ದೊಡ್ಡಪ್ಪನ ಥರಾನೇ ಇದಾರೆ" ಅಂತ ಶುರು ಮಾಡ್ತಾರೆ, ಅದನ್ನ ಸದ್ಯಕ್ಕೆ ಬಿಡಿ, ಒಂದೇ ಮನೆತನದಲ್ಲಿ ಎಲ್ರ ಮೂಗೂ ಹಂಗೇ ಇರುತ್ತೆ. ಮೊದ್ಲು ಕಾಲ ಗೊತ್ತಾಗ್ಬೇಕು, ಆಮೇಲೆ ಹೆಸರು.

ಫ್ರೇಮ್ ಹಿಂದಿನ ರಟ್ಟು ಹುಷಾರಾಗಿ ಬಿಚ್ಚಿ, ಫೋಟೋ ಗಾಜಿಗೆ ಅಂಟ್ಕೊಂಡಿದ್ರೆ ಮಾತ್ರ ಕೀಳಬೇಡಿ, ಹಂಗೇ ಸ್ಕ್ಯಾನ್ ಮಾಡಿ. ದಪ್ಪ ರಟ್ಟಿಗೆ ಅಂಟಿಸಿದ, ಹೆಚ್ಚುಕಮ್ಮಿ ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಎತ್ತರದ ಕಾರ್ಡ್ ಆದ್ರೆ ಸಾಮಾನ್ಯವಾಗಿ 1870ರಿಂದ 1910ರ ಆಸುಪಾಸಿನದು. ಒಳಗೆ ಹಳೇ ನ್ಯೂಸ್‌ಪೇಪರ್ ಸಿಕ್ರೆ ಕುಣಿಬೇಡಿ, ಅದ್ರ ತಾರೀಖು ಕಟ್ಟು ಹಾಕಿಸಿದ ಕಾಲದ್ದು. ಸ್ಟುಡಿಯೋ ಸೀಲನ್ನೂ ಪೂರ್ತಿ ನಂಬೋ ಹಾಗಿಲ್ಲ, ಯಾಕಂದ್ರೆ ಅಜ್ಜ ತೀರ್ಕೊಂಡ ಮೇಲೆ ಯಾವ್ದೋ ಗ್ರೂಪ್ ಫೋಟೋದಿಂದ ಮುಖ ಮಾತ್ರ ದೊಡ್ಡದು ಮಾಡ್ಸಿ ಕೋಟು ಪೇಟ ಎಲ್ಲಾ ಬಣ್ಣದಲ್ಲಿ ಬರೆಸೋದು ಆಗ ಮಾಮೂಲಿ, ಭುಜದ ಹತ್ರ ಬ್ರಷ್ ಗೆರೆ ಕಂಡ್ರೆ ಬಟ್ಟೆ ನೋಡಿ ಕಾಲ ಹೇಳೋಕೆ ಹೋಗ್ಬೇಡಿ.

ಗ್ರೂಪ್ ಫೋಟೋ ಆದ್ರೆ ತೊಡೆ ಮೇಲಿನ ಮಗು ಯಾರು ಅಂತ ಮೊದ್ಲು ಹುಡುಕಿ, ಅದ್ರ ಹುಟ್ಟಿದ ವರ್ಷ ಶಾಲೆ ಸರ್ಟಿಫಿಕೇಟಲ್ಲಿ ಸಿಗುತ್ತೆ (ಒಂದೆರಡು ವರ್ಷ ಹೆಚ್ಚುಕಮ್ಮಿ ಬರೆಸಿರ್ತಾರೆ ಬಿಡಿ). ಲಿಂಗಾಯತರ ಮನೇಲಿ ಕುರ್ಚಿ ಮೇಲೆ ವಿಭೂತಿ, ಹಾರ ಹಾಕಿ ಕಣ್ಣು ಮುಚ್ಚಿ ಕೂತಿರೋ ಫೋಟೋ ಇದ್ರೆ ಅದು ತೀರ್ಕೊಂಡ ದಿನ ತೆಗ್ಸಿದ್ದು ಇರಬಹುದು, ಫೋಟೋದ ಕಾಲವೇ ತೀರ್ಕೊಂಡ ಕಾಲ ಆಗೋದ್ರಿಂದ ಆಗ ತಾಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಹುಡುಕೋ ಕೆಲಸ ಸಲೀಸು. ಜಮೀನಿದ್ದವರು ಸತ್ರೆ ಪೌತಿ ಖಾತೆ ಆಗುತ್ತಲ್ಲ, ಅಂದ್ರೆ ಜಮೀನು ವಾರಸುದಾರರ ಹೆಸರಿಗೆ ಬದಲಾಗುತ್ತೆ, ಆ ಬದಲಾವಣೆ ದಾಖಲೆಯಲ್ಲಿ (ಮ್ಯುಟೇಶನ್) ಸತ್ತವರ ಹೆಸರು, ವಾರಸುದಾರರು ಎಲ್ಲಾ ಇರುತ್ತೆ.

ಮನೆ ಹಿರಿಯರನ್ನ ಕೇಳೋವಾಗ "ಇವ್ರು ಬಸಪ್ಪಜ್ಜಾನಾ" ಅಂದ್ರೆ "ಹೂಂ" ಅಂತಾರೆ, ಸುಮ್ನೆ ಫೋಟೋ ಕೊಟ್ಟು ಒಬ್ಬೊಬ್ರನ್ನೇ ಬೇರೆ ಬೇರೆ ಕೇಳಿ. ಬಸಪ್ಪ ಅಂತ ಬಂದ್ರೂ ಸಾಕಾಗಲ್ಲ, ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಮನೇಲಿ ಮೂರು ಬಸಪ್ಪ ಇರ್ತಾರೆ, ಯಾರ ಮಗ, ಯಾರ ಅಪ್ಪ ಅನ್ನೋದೂ ಬರ್ಕೊಳ್ಳಿ. ಉತ್ತರ ಕರ್ನಾಟಕದ ಕಡೆಯವರಾದ್ರೆ ಹೆಳವರು (ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳೋರು) ಬಂದಾಗ ಬಿಡಬೇಡಿ, ಅವ್ರ ಪುಸ್ತಕದಲ್ಲಿ ಮನೆತನದ ತಲೆಮಾರು ಇರುತ್ತೆ, ಮೂಲ ಊರು ಯಾವ್ದು ಅಂತಾನೂ ಹೇಳ್ತಾರೆ.

ಹೆಂಗಸರ ಫೋಟೋ ಆದ್ರೆ ಇದೆಲ್ಲ ಅರ್ಧಕ್ಕೇ ನಿಲ್ಲುತ್ತೆ, ವಂಶಾವಳಿ ಹೆಚ್ಚಾಗಿ ಗಂಡುಮಕ್ಕಳ ಸಾಲಲ್ಲೇ ಹೋಗೋದು. ತಾಳಿ, ಕುಂಕುಮ ಇದ್ರೆ ಗಂಡ ಬದುಕಿದ್ದ ಕಾಲ ಅಂತ ಇಟ್ಕೊಂಡು ಅವ್ರ ತವರುಮನೆ ಕಡೆಯವರನ್ನ ಹುಡುಕಿ, ಅದೇ ಫೋಟೋದ ಇನ್ನೊಂದು ಕಾಪಿ ಹೆಸರು ಸಮೇತ ಅಲ್ಲಿ ಸಿಕ್ರೂ ಸಿಗಬಹುದು.